ಇವತ್ತು ಅವರನ್ನು ಅಡಗಿಸಲಿಲ್ಲ

ಡಿಸೆಂಬರ್ ೧೪, ಭಾನುವಾರ. ಮುಳ್ಳೇರಿಯ.

ಗಂಡನಿಗೆ ಗಲ್ಫಿನಲ್ಲಿ ರಜೆ ಸಿಗುತ್ತಿಲ್ಲ ಎಂಬ ಹಳೆಯ ಸುಳ್ಳು ಇವತ್ತು ಬಾಯಿಗೆ ಬರಲಿಲ್ಲ.

ಮಗಳು ಮೋಕ್ಷಿತಾಳನ್ನು ನೋಡಲು ಬಂದ ಹುಡುಗನ ತಾಯಿ ಕೇಳಿದರು, "ಹುಡುಗಿಯ ತಂದೆ ಊರಿಗೆ ಎಂತಕ್ಕೆ ಬರುವುದಿಲ್ಲ?" ಮೈದುನ ಜಯಪಾಲ ನನಗೆ ಕಣ್ಸನ್ನೆ ಮಾಡಿದ. ನಾನು ಹೇಳಿಯೇಬಿಟ್ಟೆ.

"ಅಲ್ಲಿ ಧಣಿ ಹೊಡೀತಿದ್ದ, ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ. ಇವರು ಓಡಿಹೋದರು. ಈಗ ವೀಸಾ ಇಲ್ಲದೆ ಅಡಗಿಕೊಂಡು ದುಡೀತಿದ್ದಾರೆ. ಕಳ್ಳತನ ಎಂತದೂ ಮಾಡ್ಲಿಲ್ಲ."

ಹುಡುಗನ ಕಡೆಯವರು ಚಹಾ ಮುಟ್ಟದೆ ಎದ್ದು ಹೋದರು.

"ಎಲ್ಲ ಹಾಳು ಮಾಡಿದಿರಲ್ಲ ಅತ್ತಿಗೆ!" ಎಂದ ಜಯಪಾಲ.

ಮೋಕ್ಷಿತಾ ಅವನೆದುರೇ ಆ ಚಹಾ ಎತ್ತಿ ಕುಡಿದಳು. "ಅಪ್ಪನನ್ನು ಅಡಗಿಸಿ ಹೋಗಬೇಕಾದ ಮನೆ ನಂಗೆ ಬೇಡ ಚಿಕ್ಕಪ್ಪ."

ಗಂಡನ ಫೋನ್ ಬಂದರೆ ಮೊದಲು ಇದನ್ನೇ ಹೇಳುತ್ತೇನೆ. ಬೈದರೆ ಬೈಯಲಿ. ಇನ್ನು ಮೇಲೆ ಯಾರು ಕೇಳಿದರೂ ನಾನು ಇದ್ದದ್ದನ್ನೇ ಹೇಳುತ್ತೇನೆ.