ದುರ್ಗದ ಬೆಟ್ಟ ಬರೆದ ಶನಿವಾರ

ಕ್ಯಾತ್ಸಂದ್ರ
18 ಜುಲೈ 1999, ಭಾನುವಾರ

ಪ್ರೀತಿಯ ಅವ್ವನಿಗೆ ಸ್ವರ್ಣಳ ನಮಸ್ಕಾರ.

ನಾನು ಬದುಕಿದ್ದೇನೆ. ಹುಲಿಯೂರುದುರ್ಗದಲ್ಲಿ ಜನ ಏನೇನೋ ಆಡಿಕೊಳ್ಳುತ್ತಿರಬಹುದು, ಅದಕ್ಕೇ ಮೊದಲು ಇದನ್ನು ಬರೆದೆ. ನಮ್ಮ ಶಾಲೆಯ ಉಮಾಮಹೇಶ್ವರಿ ಟೀಚರ್ ಮನೆಯಲ್ಲಿದ್ದೇನೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೇಜಾರಾಗಬೇಡ.

ಏಪ್ರಿಲ್‌ನಲ್ಲಿ ಬಲಗೈಯ ಎರಡು ಬೆರಳು ಮುರಿದುಕೊಂಡು ನಿನ್ನ ಹತ್ತಿರ ಬಂದೆನಲ್ಲ, ಬಚ್ಚಲಲ್ಲಿ ಜಾರಿದಳು ಎಂದು ಊರಿಗೆಲ್ಲ ಹೇಳಿದ್ದು ನಾವಿಬ್ಬರೂ ಸೇರಿಯೇ. ಮನೆಯವರು ಯಾಕೆ ಮುರಿದರು ಎಂದು ನೀನು ಕೇಳಲಿಲ್ಲ. ಈಗ ಹೇಳುತ್ತೇನೆ.

ಶಾಲೆಗೆ ಎರಡು ಕಂಪ್ಯೂಟರ್ ಬಂದಾಗ, ಲೆಕ್ಕದ ಟೀಚರ್ ನೀವೇ ಕಲಿತು ಬನ್ನಿ ಎಂದು ಹೆಡ್‌ಮಾಸ್ಟರು ನನ್ನನ್ನು ಶನಿವಾರ ಮಧ್ಯಾಹ್ನ ಗುಬ್ಬಿಯಿಂದ ತುಮಕೂರಿಗೆ ಕಳಿಸತೊಡಗಿದರು. ಸದಾಶಿವನಗರದ ಪರಮಶಿವಯ್ಯ ಸರ್ ರಿಟೈರ್ಡ್ ಲೆಕ್ಚರರ್, ಅರವತ್ತಮೂರು ವರ್ಷ. ಮನೆಯ ಮುಂದಿನ ಕೋಣೆಯಲ್ಲೇ ಪಾಠ. ಅವರು ಬಾಯಿಪಾಠ ಮಾಡಿಸಲಿಲ್ಲ, ಚಿತ್ರ ಬರೆಸಿದರು. ಒಂದು ಗೆರೆ ಎಳೆ. ಅದರ ನಡುವನ್ನು ಹಿಡಿದು ಮೇಲಕ್ಕೆತ್ತು, ಎರಡು ಗೆರೆಯಾಗುತ್ತದೆ. ಆ ಎರಡರ ನಡುವನ್ನೂ ಸ್ವಲ್ಪ ಎತ್ತು, ಇಲ್ಲವೇ ಇಳಿಸು. ಆಮೇಲೆ ನಾಲ್ಕು, ಎಂಟು, ಹದಿನಾರು. ಕಂಪ್ಯೂಟರಿಗೆ ನಾವು ಬರೆದುಕೊಡುವುದು ಹತ್ತು ಹನ್ನೆರಡು ಸಾಲಿನ ಅಪ್ಪಣೆ, ಆ ಸಾಲುಗಳೇ ತಮ್ಮನ್ನು ತಾವು ಮತ್ತೆ ಮತ್ತೆ ಕರೆದುಕೊಳ್ಳುತ್ತವೆ.

ಮೊದಲ ಸಲ ಕಂಪ್ಯೂಟರ್ ಕಲ್ಲಿನ ಹಾಗೆ ನಿಂತುಬಿಟ್ಟಿತು. “ಎಲ್ಲಿ ನಿಲ್ಸಬೇಕು ಅಂತ ನೀವು ಹೇಳೇ ಇಲ್ವಲ್ಲಮ್ಮ” ಎಂದು ಸರ್ ನಕ್ಕರು. ಗೆರೆ ಇಷ್ಟು ಚಿಕ್ಕದಾದಾಗ ನಿಲ್ಲು ಎಂದು ಒಂದು ಸಾಲು ಸೇರಿಸಿದೆ. ಪರದೆಯ ಮೇಲೆ ಬೆಟ್ಟ ಎದ್ದಿತು ಅವ್ವ! ಬಂಡೆ, ಕೊರಕಲು ಎಲ್ಲ ಸೇರಿ, ನಮ್ಮ ಹಿತ್ತಿಲಿಂದ ಕಾಣುವ ದುರ್ಗದ ಬೆಟ್ಟದ ಹಾಗೇ ಇತ್ತು. ಮದುವೆಯಾದ ಆರು ವರ್ಷದಲ್ಲಿ ಅಷ್ಟು ಖುಷಿ ನನಗಾಗಿರಲಿಲ್ಲ.

ಆ ಸಾಲುಗಳನ್ನು ಹಾಳೆಯಲ್ಲಿ ಬರೆದುಕೊಂಡು ಮನೆಗೆ ತಂದೆ. ಅದು ನಿನ್ನ ಅಳಿಯನ ಕೈಗೆ ಸಿಕ್ಕಿತು. ಹೆಸರು ಹಿಡಿದೇ ಬರೆಯುತ್ತೇನೆ, ಕಾಂತೇಶ್ ಅವರ ಕೈಗೆ. ಇಂಗ್ಲಿಷ್ ಅಕ್ಷರ, ಬ್ರಾಕೆಟ್ಟು, ಅಂಕಿ ನೋಡಿ ಅವರಿಗೆ ಅದು ಯಾರಿಗೋ ಬರೆದ ಗುಟ್ಟಿನ ಕಾಗದವಾಗಿ ಕಂಡಿತು. “ಯಾವನಿಗೇ ಇದು? ಓದೇ, ಬಾಯ್ಬಿಟ್ಟು ಓದು” ಎಂದರು. ಓದಿದೆ. ಬೆಟ್ಟದ ಚಿತ್ರ ಎಂದೆ. ನನ್ನ ಕೈಯನ್ನು ಬಾಗಿಲ ಸಂದಿಗೆ ಒತ್ತಿ ಹಿಡಿದು ಬಾಗಿಲು ಹಾಕಿದರು. ತೆಗೆದು ಮತ್ತೆ ಹಾಕಿದರು. ಬೆರಳು ಲಟಕ್ಕೆಂದ ಸದ್ದು ನೋವಿಗಿಂತ ಮುಂಚೆ ಕೇಳಿಸಿತು.

“ಗಂಡಸ್ರು ಕಣೇ, ಸೈಸ್ಕೊಂಡು ಹೋಗ್ಬೇಕು” ಎಂದು ನೀನು ಬೆರಳಿಗೆ ಪಟ್ಟಿ ಕಟ್ಟಿಸಿ, ಕುಣಿಗಲ್ ಬಸ್ಸಿಗೆ ಹತ್ತಿಸಿದೆ. ಹೋದೆ. ಆದರೆ ಕ್ಲಾಸು ಬಿಡಲಿಲ್ಲ. ಶಾಲೆಯಲ್ಲಿ ಸ್ಪೆಷಲ್ ಕ್ಲಾಸ್ ಎಂದು ಸುಳ್ಳು ಹೇಳಿ, ಎಡಗೈಯಲ್ಲಿ ಟೈಪ್ ಮಾಡಿ ಕಲಿತೆ. ಕಾಂತೇಶ್ ನಿನ್ನ ಹತ್ತಿರ ಬಂದು ವಿಚಾರಿಸಿದಾಗ, ನಾನು ಹಿಂದೆ ಹೇಳಿದ್ದ ಸರ್ ಹೆಸರು, ವಿಳಾಸ ಕೊಟ್ಟವಳು ನೀನು. ಮೇಷ್ಟ್ರು ಮುದುಕರು ಎಂದು ಗೊತ್ತಾದರೆ ಅನುಮಾನ ಹೋಗುತ್ತದೆ ಎಂದುಕೊಂಡಿರುತ್ತೀಯ. ನನಗೆ ಕೋಪವಿಲ್ಲ.

ಇದೇ ತಿಂಗಳ ಹತ್ತನೇ ತಾರೀಕು, ಶನಿವಾರ, ಮಧ್ಯಾಹ್ನ ಮೂರೂವರೆ ಗಂಟೆ. ಸರ್ ನನ್ನ ಕುರ್ಚಿಯ ಹಿಂದೆ ನಿಂತು ಪರದೆಯತ್ತ ಬೆರಳು ತೋರಿಸುತ್ತಿದ್ದರು. ಬಾಗಿಲು ದಡಾರನೆ ತೆರೆಯಿತು. ಕಾಂತೇಶ್ ಕೈಯಲ್ಲಿ ಎಳನೀರು ಕೊಚ್ಚುವ ಮಚ್ಚು. “ಮುದ್ಕ, ನನ್ನ ಹೆಂಡ್ತಿ ಬೇಕೇನ್ಲಾ ನಿಂಗೆ?” ಎಂದವರೇ ಬೀಸಿದರು. ಸರ್ ತಲೆಗೆ ಅಡ್ಡ ಹಿಡಿದ ತೋಳು ಸೀಳಿ ಬಿಳಿ ಮೂಳೆ ಕಂಡಿತು. ನನ್ನ ಮುಖಕ್ಕೆ, ಪರದೆಗೆ ರಕ್ತ ಸಿಡಿಯಿತು. ಎರಡನೇ ಏಟಿಗೆ ಪರದೆ ಸಿಡಿದು ಗಾಜು ಚೆಲ್ಲಿತು. ಆಮೇಲೆ ನನ್ನ ಜಡೆ ಹಿಡಿದು ನೆಲಕ್ಕೆಳೆದು, ಕುತ್ತಿಗೆಯ ಮೇಲೆ ಮೊಣಕಾಲೂರಿ ಮಚ್ಚು ಎತ್ತಿದರು.

ಆಗ ಸರ್ ಮೇಜಿನ ಕೆಳಗಿದ್ದ ಸ್ಟೆಬಿಲೈಜರಿನ ಕಬ್ಬಿಣದ ಪೆಟ್ಟಿಗೆ ಎತ್ತಿ ಅವರ ತಲೆಗೆ ಹೊಡೆದರು. ಒಂದೇ ಏಟು. ನಿನ್ನ ಅಳಿಯ ಇನ್ನೂ ಕಣ್ಣು ಬಿಟ್ಟಿಲ್ಲ. ಆಸ್ಪತ್ರೆಯಲ್ಲಿ ಏನೂ ಹೇಳಲಾಗದು ಎನ್ನುತ್ತಾರೆ. ಸರ್ ಹೊಲಿಗೆ ಹಾಕಿಸಿಕೊಂಡ ತೋಳಿನಲ್ಲೇ ಪೊಲೀಸರ ವಶದಲ್ಲಿದ್ದಾರೆ.

ನೀನು ಅಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ಮಗಳು,
ಸ್ವರ್ಣಲತಾ

ಮರೆತ ಮಾತು: ಮರೆತದ್ದಲ್ಲ ಅವ್ವ. ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಸೀಳಿದ ತೋಳಿನಲ್ಲಿ ಸರ್ ಅಷ್ಟು ಭಾರ ಎತ್ತುವುದೆಲ್ಲಿ ಬಂತು? ಅವರು ನನ್ನ ಮೇಲಿಂದ ಅವನನ್ನು ಭುಜದಿಂದ ನೂಕಿದರು, ಅಷ್ಟೇ. ಎತ್ತಿದವಳು ನಾನು. ಮೊದಲ ಏಟಿಗೇ ಮಚ್ಚು ಬಿತ್ತು, ಅವನೂ ಬಿದ್ದ. ಅಲ್ಲಿಗೆ ಸಾಕಿತ್ತು. ಇನ್ನೆರಡು ಹೊಡೆದೆ. ಪೊಲೀಸರು ಬಂದಾಗ ನಾನು ಬಾಯಿ ತೆರೆಯುವ ಮುಂಚೆಯೇ ಸರ್ “ನಾನೇ ಹೊಡ್ದಿದ್ದು” ಎಂದರು. ನನ್ನತ್ತ ತಿರುಗಿ “ನೀವಿನ್ನೂ ಬಾಳೋರು, ಸುಮ್ನಿರಿ” ಎಂದರು. ಎಂಟು ದಿನ ಸುಮ್ಮನಿದ್ದೆ. ನಿನ್ನೆ ಅವರ ಹೆಂಡತಿ ಬಂದು ಏನೂ ಕೇಳದೆ, ನನ್ನ ಹಣೆಯ ಗಾಜಿನ ಗಾಯಕ್ಕೆ ಅರಿಸಿನ ಹಚ್ಚಿ ಹೋದರು. ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ಮೂರು ಏಟನ್ನೂ ಒಪ್ಪಿಕೊಳ್ಳುತ್ತೇನೆ. ಈ ಕಾಗದ ನಿನಗೆ ಸಿಗುವಷ್ಟರಲ್ಲಿ ಒಳಗಿರುತ್ತೇನೆ. ನೋಡಲು ಬಾ. ಈ ಸಲ ಮಾತ್ರ ಜಾರಿ ಬಿದ್ದಳು ಎಂದು ಯಾರಿಗೂ ಹೇಳಬೇಡ.