ಮೈಕಿನ ಹೆಂಗಸು

೨೦ ನವೆಂಬರ್ ೨೦೦೦, ಸೋಮವಾರ

ಬ್ಯಾಟರಿ ಚಾರ್ಜಿಗೆ ಹಾಕಿದೆ. ಹಾರ್ನ್ ಬಿಚ್ಚಿ ಒರೆಸಿದೆ, ಒಳಗೆ ಜೇಡ ಗೂಡು ಕಟ್ಟಿತ್ತು. ಇವತ್ತಿನಿಂದ ಏಡ್ಸ್ ಪ್ರಚಾರ. ಹಾಸನದ ಸಂಘದವರು ಕ್ಯಾಸೆಟ್ ಕೊಟ್ಟಿದ್ದಾರೆ. ಪಾಲಾಕ್ಷನ ಆಟೋಗೆ ಮೈಕ್‌ಸೆಟ್ ಕಟ್ಟಿ ಊರೂರು ಸುತ್ತಬೇಕು.

ಹಾಕಿ ಕೇಳಿದೆ. ಹೆಂಗಸಿನ ದನಿ. "ನನಗೆ ಎಚ್‌ಐವಿ ಇದೆ. ಮುಟ್ಟಿದರೆ ಇದು ಬರುವುದಿಲ್ಲ. ಜೊತೆಯಲ್ಲಿ ಉಂಡರೆ ಬರುವುದಿಲ್ಲ. ಸೊಳ್ಳೆಯಿಂದ ಬರುವುದಿಲ್ಲ. ಕಾಂಡೋಮ್ ಇಲ್ಲದ ಸಂಭೋಗದಿಂದ, ಸೋಂಕಿನ ರಕ್ತದಿಂದ, ಸೂಜಿಯಿಂದ, ತಾಯಿಯಿಂದ ಮಗುವಿಗೆ ಬರುತ್ತದೆ."

ಗುರುತು ಸಿಕ್ಕಿತು. ನಮ್ಮ ಬೀದಿಯ ಬಸವಲಿಂಗಮ್ಮನ ಮಗಳು, ಸಣ್ಣಕ್ಕ! ಗಂಡ ಲಾರಿ ಡ್ರೈವರ್, ಇದೇ ಕಾಯಿಲೆಯಲ್ಲಿ ಹೋದ. ತವರಿಗೆ ಬಂದವಳಿಗೆ ತಟ್ಟೆ ಬೇರೆ, ಚಾಪೆ ಬೇರೆ ಮಾಡಿದರು. ಹೋದ ವರ್ಷ ಹಾಸನದ ಬಸ್ ಹತ್ತಿದವಳು ತಿರುಗಿ ಬಂದಿಲ್ಲ.

೨೩, ಗುರುವಾರ

ಪಾಲಾಕ್ಷ ಆಟೋ ಸ್ಟಾರ್ಟ್ ಮಾಡುವುದೇ ಇಲ್ಲ.

"ಈಸ್ವರಣ್ಣ, ಕ್ಯಾಸೆಟ್ಟಿನ ಆವಮ್ಮ ಸತ್ತೋಯ್ತಂತೆ ಕಣಣ್ಣ."

"ಯಾರ್ಲಾ ಏಳ್ದೋರು?"

"ಎಲ್ರೂ ಅಂತಾವ್ರೆ."

ಎಲ್ಲರೂ ಅಂದರೆ ಯಾರೂ ಅಲ್ಲ. ಬೈದು ಹೊರಡಿಸಿದೆ. ಆದರೂ ಪ್ಲೇ ಒತ್ತುವಾಗ ಬೆರಳು ತಡೆಯಿತು.

ದೀಪ ಹಚ್ಚುವ ಹೊತ್ತಿಗೆ ನಮ್ಮ ಬೀದಿಗೆ ತಿರುಗಿದೆವು. ನಮ್ಮ ಮುಂದೆ ಮುಂದೆ ಬಾಗಿಲು ಮುಚ್ಚಿಕೊಂಡು ಹೋದವು. ಮಕ್ಕಳ ಬಾಯಿಗೆ ಕೈ ಅಡ್ಡ ಇಟ್ಟು ಒಳಗೆ ಎಳೆದುಕೊಂಡರು. ಖಾಲಿ ಬೀದಿ. ಅವಳ ದನಿ ಒಂದೇ.

೨೪, ಶುಕ್ರವಾರ

ಬಾಗಿಲುಗಳ ಮೇಲೆಲ್ಲ ಸುಣ್ಣದಲ್ಲಿ "ನಾಳೆ ಬಾ". ಹಿಂದೊಮ್ಮೆ ದೆವ್ವದ ಹೆಂಗಸು ಬಾಗಿಲು ಬಡಿದು ಕರೆಯುತ್ತಾಳೆ, ಓಗೊಟ್ಟವರು ಸಾಯುತ್ತಾರೆ ಎಂದು ಪುಕಾರು ಎದ್ದಾಗ ಬರೆದಿದ್ದರಲ್ಲ, ಹಾಗೆಯೇ. ಈಗ ಸಣ್ಣಕ್ಕನ ದನಿಗೆ ಓಗೊಟ್ಟರೆ ಏಡ್ಸ್ ಬರುತ್ತದಂತೆ. ಥೂ.

ಬಸವಲಿಂಗಮ್ಮನ ಬಾಗಿಲ ಮೇಲೂ ಇದೆ. ತಡೆಯಲಾಗಲಿಲ್ಲ.

"ಎತ್ತ ತಾಯಾಗಿ ನೀನೂ ಬರ್ದಿದ್ದೀಯಲ್ಲ. ಮಗಳ ಎಣ ನೋಡಿದ್ಯಾ?"

"ಇಲ್ಲ ಕಣಣ್ಣ. ದಿನಾ ದನಿ ಬತ್ತದೆ, ಮಗಳು ಬರಾಕಿಲ್ಲ. ಬದುಕಿರೋರು ಇಂಗ್ ಮಾಡಾರಾ?"

ತಿರುಗಿ ಆಟೋ ಹತ್ತಿದೆ.

೧ ಡಿಸೆಂಬರ್, ಶುಕ್ರವಾರ, ರಾತ್ರಿ ೮

ಟೇಪು ಸಿಕ್ಕಿಕೊಂಡಿತು. ಬೀದಿ ಬಾಯಲ್ಲಿ ಆಟೋ ನಿಲ್ಲಿಸಿ, ಕ್ಯಾಸೆಟ್ ಹೊರಗೆ ತೆಗೆದು, ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆ. ಆ ತುದಿಯಿಂದ ಅದೇ ದನಿ...

"ಅವ್ವಾ... ಬಾಗ್ಲು ತೆಗಿ."

ಕ್ಯಾಸೆಟ್ ನನ್ನ ಕೈಯಲ್ಲಿದೆ! ಪಾಲಾಕ್ಷ ಆಟೋ ಬಿಟ್ಟು ಓಡಿದ. "ಯಾರು" ಎನ್ನಲು ಹೋಗಿ ನುಂಗಿಕೊಂಡೆ. ನಾನೂ!

ಕಂಬದ ದೀಪದ ಕೆಳಗೆ ಬಂದಳು. ಮೂಳೆ, ಚಕ್ಕಳ. ಕಂಕುಳಲ್ಲಿ ಬ್ಯಾಗು.

"ಏನ್ ಈಸ್ವರಣ್ಣ, ನೀನೂ ಮಾತಾಡಾಕಿಲ್ವಾ?"

"ಸಣ್ಣಕ್ಕ... ನೀನು..."

"ಸತ್ತೋದೆ ಅಂದ್ರಂತೆ. ಮಣ್ಣಿಗೆ ಯಾರ್ಯಾರ್ ಬಂದಿದ್ರು, ಕೇಳ್ಕಂಡ್ ಓಗಾನ ಅಂತ ಬಂದೆ."

ನಕ್ಕಳು. ನಗು ಕೆಮ್ಮಾಯಿತು. ಅವಳ ಜೊತೆ ಹೋಗಿ ನಾನೇ ಬಾಗಿಲು ಬಡಿದೆ.

"ಬಸವಲಿಂಗಮ್ಮ, ನಾನು ಈಶ್ವರಯ್ಯ. ನಿನ್ ಮಗ್ಳು ಬದುಕವ್ಳೆ ಕಣಮ್ಮ."

ಹಲಗೆಯ ಆಚೆ ಉಸಿರು ಕೇಳುತ್ತಿತ್ತು.

"ಅದು ಈಗ ಈಸ್ವರಣ್ಣನ ದನೀಲಿ ಬಂದೈತೆ. ಓಗು, ಓಗು."

ಸಣ್ಣಕ್ಕ ಸಂದಿಗೆ ಬಾಯಿ ಇಟ್ಟಳು. "ಮುಟ್ ನೋಡವ್ವ. ಮುಟ್ಟಿದ್ರೆ ಕಾಯ್ಲೆ ಬರಾಕಿಲ್ಲ. ಸತ್ತಿದ್ರೆ ಕೈ ತಣ್ಗಿರ್ತದೆ, ಅಷ್ಟೇಯ."

ಅಗುಳಿ ಸರಿಯಿತು. ಕತ್ತಲೊಳಗಿಂದ ಒಂದು ಕೈ ಬಂತು. ಕೈ ಮಾತ್ರ. ಬೆರಳು ತಗುಲಿದ್ದೇ ಹಿಂದಕ್ಕೆ ಹೋಯಿತು. ಮತ್ತೆ ಬಂತು. ಮಣಿಕಟ್ಟು ತಡವಿತು, ಮೊಳಕೈ ತಡವಿತು, ಕತ್ತಿಗೆ ಹೋಯಿತು.

"ಬಿಸಿ ಅದೆ... ಜ್ವರ ಕಣೇ ನಿಂಗೆ!"

ಹಿಡಿದ ಕೈ ಬಿಡದೆ ಒಳಗೆ ಎಳೆದುಕೊಂಡಳು. ತನ್ನ ಚಾಪೆಯ ಮೇಲೇ ಕೂರಿಸಿಕೊಂಡಳು. ಬಾಗಿಲು ಹಾಕಲಿಲ್ಲ.

ಎದುರು ಸಾಲಿನ ಕಿಟಕಿ ಸಂದಿಗಳಲ್ಲಿ ಕಣ್ಣುಗಳು. ನನಗೆ ಪಿತ್ತ ನೆತ್ತಿಗೇರಿತು. ಬೀದಿ ಮಧ್ಯೆ ನಿಂತು ಕೂಗಿದೆ. "ಬನ್ರಲಾ ಈಚ್ಗೆ! ಬಂದ್ ನೋಡ್ರಲಾ, ಬದುಕವ್ಳೆ!" ಹೆಸರು ಹಿಡಿದು ಕೂಗಿದೆ. ಬೈರಯ್ಯ. ತಿಮ್ಮಪ್ಪ. ಹುಟ್ಟಿದಾಗಿನಿಂದ ಕಂಡವರು. ಒಬ್ಬರೂ ಓಗೊಡಲಿಲ್ಲ. ಒಂದು ಕಿಟಕಿಯೊಳಗಿಂದ ಪಿಸುಮಾತು ಕೇಳಿತು: "ಸುಮ್ಕಿರು, ಉತ್ರ ಕೊಡ್ಬ್ಯಾಡ. ಈಸ್ವರಣ್ಣನ್ನೂ ತಿಂದೈತೆ."

ಮನೆಗೆ ಬಂದು ಕೂತು ಬರೆಯುತ್ತಿದ್ದೇನೆ. ಪೆನ್ನು ಕೆಳಗಿಟ್ಟು ನನ್ನ ಕೈ ನಾನೇ ಮುಟ್ಟಿ ನೋಡಿಕೊಂಡೆ. ತಣ್ಣಗಿತ್ತು.