ಹೊಸ ಮಾಡ್ಯೂಲಿನ ಮೇಲೆ ನಮ್ಮವ್ವನ ವಿಭೂತಿ

ನಾನು ಓಡಿಸುವ ಪಿಕಪ್ ತಯಾರಿಸಿದ ಕಂಪನಿಯ ಪ್ರಾದೇಶಿಕ ಸೇವಾ ಮುಖ್ಯಸ್ಥರಿಗೆ,
ಛತ್ರಪತಿ ಸಂಭಾಜಿನಗರ

ಮಾನ್ಯರೇ,

ನನ್ನ ಗಾಡಿಯ ಕೆಟ್ಟುಹೋದ ಫೋರ್ ವೀಲ್ ಕಂಟ್ರೋಲ್ ಮಾಡ್ಯೂಲನ್ನು ತೆಗೆದು ಹೊಸದನ್ನು ಹಾಕಿದ್ದೇವೆ ಎಂದು ನಿಮ್ಮ ವರ್ಕ್‌ಶಾಪಿನವರು ಸಹಿ, ಮೊಹರು ಸಮೇತ ಕಾಗದ ಕೊಟ್ಟಿದ್ದಾರೆ. ಹಾಕಿಲ್ಲ. ಹಳೆಯದನ್ನೇ ಒರೆಸಿ, ಹೊಸ ಚೀಟಿ ಅಂಟಿಸಿ, ಅದೇ ಸೀಟಿನ ಕೆಳಗೆ ಕೂರಿಸಿ ಕಳಿಸಿದ್ದಾರೆ. ಇದಕ್ಕೆ ನನ್ನ ಬಳಿ ಸಾಕ್ಷಿ ಇದೆ. ಸಾಕ್ಷಿಯ ಹೆಸರು ಚನ್ನಮ್ಮ, ವಯಸ್ಸು ಎಪ್ಪತ್ತೆರಡು, ನನ್ನ ತಾಯಿ. ಸೀರಿಯಲ್ ನಂಬರ್ ಓದಲು ಬಾರದವಳು, ಆದರೆ ನಿಮ್ಮ ಕಳ್ಳತನವನ್ನು ಒಂದೇ ನೋಟಕ್ಕೆ ಓದಿದವಳು.

ಈ ಪತ್ರವನ್ನು ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆಂದು ತಮಗೆ ಆಶ್ಚರ್ಯವಾಗಬಹುದು. ಮರಾಠಿಯಲ್ಲಿ ಎರಡು ಬರೆದೆ, ಹಿಂದಿಯಲ್ಲಿ ಒಂದು ಬರೆದೆ, ಮಗಳು ಸುಮಂಗಲಾಳಿಂದ ಇಂಗ್ಲಿಷಿನಲ್ಲೂ ಒಂದು ಬರೆಸಿದೆ. ನಾಲ್ಕಕ್ಕೂ ಬಂದ ಉತ್ತರ ಒಂದೇ: ‘ನಿಮ್ಮ ಅನಿಸಿಕೆ ನಮಗೆ ಅಮೂಲ್ಯ.’ ನಾನು ಅನಿಸಿಕೆ ಬರೆದಿರಲಿಲ್ಲ, ದೂರು ಬರೆದಿದ್ದೆ. ತಾವು ಯಾವ ಭಾಷೆಯಲ್ಲೂ ಓದುವುದಿಲ್ಲ ಎಂದು ಖಾತ್ರಿಯಾದ ಮೇಲೆ ನನ್ನ ಭಾಷೆಯಲ್ಲೇ ಬರೆದರಾಯಿತು, ಕೊನೆಗೆ ನಮ್ಮ ಜನರಾದರೂ ಓದುತ್ತಾರೆ ಎಂದುಕೊಂಡೆ.

ನಾನು ಭಾಲ್ಕಿ ಕಡೆಯವನು. ಇಪ್ಪತ್ತು ವರ್ಷದಿಂದ ನಾಸಿಕ್ ರೋಡ್‌ನಲ್ಲಿ ಖಾನಾವಳಿ ನಡೆಸುತ್ತಿದ್ದೇನೆ. ದಿಂಡೋರಿ ದಾಟಿ ಗುಡ್ಡದ ಮೇಲೆ ಒಂದು ಕೆರೆಯ ಕೆಲಸ ನಡೆದಿದೆ. ಕಲಬುರಗಿ ಕಡೆಯ ನಲವತ್ತು ಜನ ಅಲ್ಲಿ ತಗಡಿನ ಶೆಡ್ಡುಗಳಲ್ಲಿದ್ದಾರೆ. ದಿನಾ ಬೆಳಿಗ್ಗೆ ಅವರಿಗೆ ಜೋಳದ ರೊಟ್ಟಿ, ಪಲ್ಯ ಒಯ್ಯುತ್ತೇನೆ. ಗುಡ್ಡದ ಬುಡದ ಊರಿನಿಂದ ಶೆಡ್ಡಿಗೆ ನಾಲ್ಕು ಕಿಲೋಮೀಟರ್ ದಾರಿ, ನಡುವೆ ಒಂದು ಹಳ್ಳ, ಉಳಿದದ್ದೆಲ್ಲ ಕಪ್ಪು ಮಣ್ಣಿನ ಏರು. ಮಳೆ ಬಿದ್ದರೆ ನಾಲ್ಕೂ ಗಾಲಿ ಎಳೆಯುವ ಫೋರ್ ವೀಲ್ ಇಲ್ಲದ ಗಾಡಿ ಅಲ್ಲಿ ಎಮ್ಮೆಯಂತೆ ಮಲಗುತ್ತದೆ. ಅದಕ್ಕೆಂದೇ ಎರಡು ಸಾಲು ಸೀಟಿನ ನಿಮ್ಮ ದೊಡ್ಡ ಪಿಕಪ್ ಕೊಂಡೆ. ನಿಮ್ಮ ಜಾಹೀರಾತಿನಲ್ಲಿ ಅದು ನದಿ ದಾಟುತ್ತದೆ, ಬಂಡೆ ಹತ್ತುತ್ತದೆ. ನಾನು ಕೇಳಿದ್ದು ಒಂದು ಹಳ್ಳ ಮತ್ತು ಒಂದು ಏರು ಮಾತ್ರ.

ರೊಟ್ಟಿ ಇಳಿಸಿದ ಮೇಲೆ ಗಾಡಿ ಖಾಲಿ ಬರುತ್ತಿರಲಿಲ್ಲ. ಶೆಡ್ಡಿನ ಆರು ಮಕ್ಕಳು ಅದರಲ್ಲಿ ಕೂತು ಕೆಳಗಿನ ಊರಿನ ಶಾಲೆಗೆ ಬರುತ್ತಿದ್ದರು. ಬೆಳಿಗ್ಗೆ ರೊಟ್ಟಿ ಮೇಲೆ, ಮಕ್ಕಳು ಕೆಳಗೆ. ಸಂಜೆ ಮಕ್ಕಳು ಮೇಲೆ, ಖಾಲಿ ಡಬ್ಬಿ ಕೆಳಗೆ. ಹಿಂದಿನ ಸೀಟಿನಲ್ಲಿ ಆರು ಜನರನ್ನು ಕೂರಿಸಿದ್ದೇಕೆ ಎಂದು ದಯವಿಟ್ಟು ನೋಟಿಸ್ ಕಳಿಸಬೇಡಿ. ಆರೂ ಮಕ್ಕಳನ್ನು ತೂಗಿದರೆ ನಿಮ್ಮ ಸರ್ವಿಸ್ ಮ್ಯಾನೇಜರರಷ್ಟು ಆಗುವುದಿಲ್ಲ. ಅವರಲ್ಲಿ ದೊಡ್ಡವಳು ಚನಬಸವ್ವ, ಹನ್ನೊಂದು ವರ್ಷ. ಒಂದೇ ವರ್ಷದಲ್ಲಿ ಮರಾಠಿ ಓದಲು ಕಲಿತು, ದಾರಿಯುದ್ದಕ್ಕೂ ದ್ರಾಕ್ಷಿ ತೋಟಗಳ ಬೋರ್ಡುಗಳನ್ನು ನನಗೇ ಓದಿ ಹೇಳುತ್ತಿದ್ದಳು.

ಜೂನ್‌ನ ಮೊದಲ ದೊಡ್ಡ ಮಳೆಗೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಮಿನುಗತೊಡಗಿತು, ಫೋರ್ ವೀಲ್ ನಿಂತಿತು. ನಮ್ಮ ಓಣಿಯ ಮೆಕ್ಯಾನಿಕ್ ಮಹಿಬೂಬ ಸೀಟು ಎತ್ತಿ ನೋಡಿ, ‘ಅಣ್ಣಾ, ಗೇರ್ ಚಲೋ ಅದಾವ್ರಿ, ಮೋಟರ್ ಚಲೋ ಅದ. ಅವಕ್ಕ ಹುಕುಂ ಕೊಡೋ ಪೆಟಗಿನೇ ಸತ್ತದ,’ ಎಂದ. ವಾರಂಟಿ ಇನ್ನೂ ಇತ್ತು. ಆದರೆ ಹೊಸ ಪೆಟ್ಟಿಗೆಗೆ ಗಾಡಿಯ ಗುರುತು ಕಲಿಸುವ ಯಂತ್ರ ನಾಸಿಕ್‌ನಲ್ಲಿಲ್ಲ, ಸಂಭಾಜಿನಗರದಲ್ಲಿ ಮಾತ್ರ ಇದೆ ಎಂದರು. ಇಷ್ಟು ದೊಡ್ಡ ನಗರಕ್ಕೆ ಒಂದು ಯಂತ್ರ ಕೊಡಲಾಗದ ಕಂಪನಿ ಶೋರೂಮಿಗೆ ಮಾತ್ರ ನೀರಿನ ಕಾರಂಜಿ ಕೊಟ್ಟಿದೆ. ಇರಲಿ ಎಂದು ಖಾನಾವಳಿಯನ್ನು ಹೆಂಡತಿಗೆ ಬಿಟ್ಟು ಯೇವಲಾ, ವೈಜಾಪುರ ದಾಟಿ ನಿಮ್ಮ ಬಾಗಿಲಿಗೆ ಬಂದೆ.

ಎರಡು ದಿನ ಕಾಯಿಸಿ ನಿಮ್ಮವರು ತೀರ್ಪು ಕೊಟ್ಟರು: ಮಾಡ್ಯೂಲಿನ ಮೇಲೆ ‘ಹೊರಗಿನ ಪುಡಿ ಪದಾರ್ಥ’ ಕಂಡುಬಂದಿದೆ, ಆದ್ದರಿಂದ ವಾರಂಟಿ ಅನ್ವಯಿಸುವುದಿಲ್ಲ. ಆ ಪದಾರ್ಥ ವಿಭೂತಿ. ಇಲ್ಲಿ ನಮ್ಮ ತಪ್ಪನ್ನು ಮುಚ್ಚಿಡುವುದಿಲ್ಲ. ಹೋದ ವರ್ಷ ದಸರೆಯಲ್ಲಿ ಖಂಡೇ ಪೂಜೆಯ ದಿನ ನಮ್ಮವ್ವ ಗಾಡಿಯ ಸ್ಟೀರಿಂಗಿಗೆ, ಬಾನೆಟ್ಟಿಗೆ, ನಾಲ್ಕೂ ಗಾಲಿಗೆ ವಿಭೂತಿ ಹಚ್ಚಿದಳು. ಪಕ್ಕದಲ್ಲಿದ್ದ ಮಹಿಬೂಬ ಸುಮ್ಮನಿರಲಾರದೆ, ಸೀಟಿನ ಕೆಳಗಿನ ಪೆಟ್ಟಿಗೆ ತೋರಿಸಿ, ಇದೇ ಗಾಡಿಯ ಮೆದುಳು ಎಂದ. ಅವ್ವ ಅಲ್ಲಿಗೂ ಬಗ್ಗಿದಳು. ನಾನು ಬೇಡವೆಂದರೆ, ‘ಮೆದುಳಂದ್ರ ಹಣಿ ಒಳಗೇ ಇರ್ತದಲ್ಲೋ? ಹಣಿಗಿ ವಿಭೂತಿ ಬ್ಯಾಡೇನು?’ ಎಂದು ಕೇಳಿದಳು. ಇದಕ್ಕೆ ಉತ್ತರ ತಮ್ಮಲ್ಲಿದ್ದರೆ ತಿಳಿಸಿ.

ಪೆಟ್ಟಿಗೆ ನಾಲ್ಕೂ ಕಡೆ ಮುಚ್ಚಿದ್ದು, ಪುಡಿ ಇದ್ದದ್ದು ಹೊರಗೆ, ಕೆಟ್ಟದ್ದು ಒಳಗೆ. ಹಚ್ಚಿದ ಮೇಲೂ ಎಂಟು ತಿಂಗಳು ಅದು ಗುಡ್ಡ ಹತ್ತಿದೆ. ಹಣೆಗೆ ಹಚ್ಚಿದ ವಿಭೂತಿ ಮೆದುಳಿಗೆ ಇಳಿಯುವುದಾದರೆ ನಮ್ಮ ಮನೆಯಲ್ಲಿ ಯಾರೂ ಇಷ್ಟು ದಿನ ಬದುಕಿರುತ್ತಿರಲಿಲ್ಲ. ಇದನ್ನೆಲ್ಲ ನಿಮ್ಮ ಕೌಂಟರಿನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಕೊರಳಲ್ಲಿ ಕಾರ್ಡು ತೂಗಿಸಿಕೊಂಡವರ ಮುಂದೆ ನಾವು ಬೇಗ ತಪ್ಪಿತಸ್ಥರಾಗುತ್ತೇವೆ. ಕ್ಷಮೆ ಕೇಳಿ, ಮನೆಗೆ ಬಂದು, ಆ ಸಿಟ್ಟನ್ನೆಲ್ಲ ಅವ್ವನ ಮೇಲೆ ತೀರಿಸಿದೆ. ಅವಳು ಮರುದಿನ ಸೊಸೆಯ ಮುಂದೆ, ‘ನನ್ನ ಕೈಯಿಂದ ಆ ಹುಡುಗರ ಸಾಲಿ ನಿಂತಿತಲ್ಲವ್ವಾ,’ ಎಂದು ಅತ್ತಳಂತೆ. ಆಮೇಲೆ ಒಂದು ತಿಂಗಳು ಅವಳು ಗಾಡಿಯ ಹತ್ತಿರವೂ ಬರಲಿಲ್ಲ. ಮಾನ್ಯರೇ, ನಿಮ್ಮ ಮೇಲಿನ ನನ್ನ ಮೊದಲ ಆಪಾದನೆ ಮಾಡ್ಯೂಲಿನದ್ದಲ್ಲ, ಇದು.

ನಾಲ್ಕು ಪತ್ರಗಳ ನಂತರ ಜುಲೈ ಕೊನೆಗೆ ತಮ್ಮ ಕಚೇರಿಯಿಂದ ಫೋನು ಬಂತು. ‘ವಿಶೇಷ ಸಹಾನುಭೂತಿಯ ಮೇರೆಗೆ’ ಹೊಸ ಮಾಡ್ಯೂಲ್ ಹಾಕಿಕೊಡುತ್ತೇವೆ ಎಂದರು. ಮತ್ತೆ ಬಂದೆ. ಸಂಜೆ ಗಾಡಿ ಕೊಡುವಾಗ ಹಳೆಯ ಪೆಟ್ಟಿಗೆ ತೋರಿಸಿ ಎಂದೆ. ಆಗಲೇ ಕಂಪನಿಗೆ ಕಳಿಸಿಬಿಟ್ಟೆವು ಎಂದರು. ಆರು ವಾರದಿಂದ ನನ್ನ ಪತ್ರ ಮುಂದಿನ ಮೇಜಿಗೆ ಹೋಗದ ಕಚೇರಿಯಿಂದ ಹಳೆಯ ಪೆಟ್ಟಿಗೆ ಅರ್ಧ ದಿನದಲ್ಲಿ ಕಾರ್ಖಾನೆಗೇ ಹೋಗಿತ್ತು. ‘ತೃಪ್ತ ಗ್ರಾಹಕ’ ಎಂಬ ಚೌಕದ ಎದುರು ಸಹಿ ಮಾಡದೆ ಕೀಲಿ ಕೊಡುವುದಿಲ್ಲವೆಂದರು. ಮಾಡಿದೆ.

ಮರುದಿನ ಬೆಳಿಗ್ಗೆ ಏರಿನ ಮೊದಲ ತಿರುವಿನಲ್ಲೇ ದೀಪ ಮಿನುಗಿತು, ಗಾಡಿ ಹಿಂದಕ್ಕೆ ಜಾರಿತು. ಗಾಡಿಯ ಸದ್ದು ಕೇಳಿ ಆರೂ ಮಕ್ಕಳು ಪಾಟಿಚೀಲ ಹಾಕಿಕೊಂಡು ಮೇಲಿನ ಬಂಡೆಯ ಹತ್ತಿರ ನಿಂತಿದ್ದರು. ಅವರು ನೋಡುತ್ತಿರುವಾಗಲೇ ನಾನು ಹಿಂದಕ್ಕೆ ಇಳಿದೆ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿಲ್ಲ.

ಮಹಿಬೂಬ ಸೀಟು ಎತ್ತಿದ. ಮೇಲೆ ಹೊಳೆಯುವ ಹೊಸ ಚೀಟಿ. ಟಾರ್ಚ್ ಅಡ್ಡ ಹಿಡಿದಾಗ ಒರಟು ಪ್ಲಾಸ್ಟಿಕ್ಕಿನ ಸಂದಿಯಲ್ಲಿ ಮೂರು ಬಿಳಿ ಗೆರೆ. ಅವನು ಒಳಗೆ ಹೋಗಿ ಅವ್ವನನ್ನು ಕರೆತಂದ. ಅವಳು ಕನ್ನಡಕ ಏರಿಸಿ, ಬಗ್ಗಿ, ತನ್ನ ಬಲಗೈಯ ಮೂರು ಬೆರಳುಗಳನ್ನು ಆ ಗೆರೆಗಳ ಮೇಲೆ ಇಟ್ಟಳು. ಹರೆಯದಲ್ಲಿ ಕಲಬುರಗಿಯ ಬೇಳೆ ಮಿಲ್ಲಿನಲ್ಲಿ ಅವಳ ನಡುಬೆರಳಿನ ತುದಿ ಹೋಗಿದೆ. ಹಾಗಾಗಿ ಅವಳು ಹಚ್ಚಿದ ವಿಭೂತಿಯಲ್ಲಿ ನಡುವಿನ ಗೆರೆ ಅರ್ಧಕ್ಕೇ ನಿಲ್ಲುತ್ತದೆ. ನನ್ನ ಹಣೆಯಲ್ಲಿ ಐವತ್ತು ವರ್ಷದಿಂದ ಹಾಗೇ ನಿಂತಿದೆ. ನಿಮ್ಮ ಹೊಸ ಮಾಡ್ಯೂಲಿನ ಮೇಲೂ ಅದು ಅರ್ಧಕ್ಕೇ ನಿಂತಿತ್ತು.

‘ಇದು ನಂದೇ ಗೆರಿ,’ ಎಂದಳು ಅವ್ವ. ಗೆರೆಯಿಂದ ಬೆರಳು ತೆಗೆದು, ‘ಹಂಗಾದ್ರ ತಪ್ಪು ನಂದಲ್ಲ, ಅಲ್ಲೇನೋ?’ ಎಂದಳು.

ಈಗ ತಾವೇ ಹೇಳಿ. ನಿಮ್ಮ ಕಾರ್ಖಾನೆಯಲ್ಲಿ ಪ್ರತಿ ಪೆಟ್ಟಿಗೆಗೂ ವಿಭೂತಿ ಹಚ್ಚಿ ಕಳಿಸುವ ಪದ್ಧತಿ ಶುರುವಾಗಿದೆಯೇ? ಆಗಿದ್ದರೆ, ಹಚ್ಚುವವರ ನಡುಬೆರಳನ್ನೂ ನಿಯಮದ ಪ್ರಕಾರ ಕತ್ತರಿಸಿಯೇ ಕೆಲಸಕ್ಕೆ ತೆಗೆದುಕೊಳ್ಳುತ್ತೀರೋ? ಜೂನ್‌ನಲ್ಲಿ ವಾರಂಟಿಯನ್ನೇ ಕೊಂದ ಪುಡಿ ಜುಲೈನಲ್ಲಿ ಹೊಸ ಮಾಲಿನ ಮೇಲೆ ನಿರಪಾಯಕಾರಿ ಆದದ್ದು ಹೇಗೆ? ಯಾವ ವಿಭೂತಿಯಿಂದ ನಮ್ಮನ್ನು ತಪ್ಪಿತಸ್ಥರನ್ನಾಗಿ ಮಾಡಿದಿರೋ, ಅದೇ ಇವತ್ತು ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತಿದೆ. ಫೋಟೊ ಲಗತ್ತಿಸಿದ್ದೇನೆ. ಪೆಟ್ಟಿಗೆಯನ್ನು ಕಳಿಸುವುದಿಲ್ಲ, ನಿಮ್ಮವರ ಕೈಗೆ ಒರೆಸುವ ಬಟ್ಟೆ ಬೇಗ ಸಿಗುತ್ತದೆ.

ಇಷ್ಟು ದಿನದಲ್ಲಿ ಗುಡ್ಡದ ಮೇಲೆ ಏನಾಗಿದೆ ಎಂಬುದನ್ನೂ ಕೇಳಿ. ರೊಟ್ಟಿ ನಿಂತಿಲ್ಲ, ಇಬ್ಬರು ಗಂಡಸರು ಹಳ್ಳ ದಾಟಿ ಬಂದು ಬುಟ್ಟಿ ಹೊತ್ತು ಒಯ್ಯುತ್ತಾರೆ. ಮಕ್ಕಳನ್ನು ಹಾಗೆ ಹೊರಲಾಗುವುದಿಲ್ಲ. ಶಾಲೆಯ ಶಿಕ್ಷಕಿ ಜಯಮಾಲಾ ಬಾಯಿ ಇವತ್ತಿಗೂ ಹಾಜರಿಯಲ್ಲಿ ಆ ಆರು ಹೆಸರು ಕೂಗುತ್ತಾರೆ. ಈ ತಿಂಗಳು ಕಳೆದರೆ ಪಟ್ಟಿಯಿಂದ ತೆಗೆಯಬೇಕಾಗುತ್ತದೆ ಎಂದು ಬೇಸರದಿಂದ ಹೇಳಿದರು. ಶಾಲೆ ತಪ್ಪಿದ ಮೊದಲ ವಾರ ಮಕ್ಕಳು ಆಡುತ್ತಾರೆ. ಎರಡನೇ ವಾರ ತಮ್ಮ ತಂಗಿಯರನ್ನು ಎತ್ತಿಕೊಳ್ಳುತ್ತಾರೆ. ಆಮೇಲೆ ಯಾರೂ ಹೇಳದಿದ್ದರೂ ಅಪ್ಪ ಅವ್ವನ ಹಿಂದೆ ಕೆಲಸಕ್ಕೆ ಇಳಿಯುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇದು. ಈ ಶನಿವಾರದೊಳಗೆ ನಿಜವಾಗಿಯೂ ಹೊಸದಾದ ಮಾಡ್ಯೂಲ್ ಮತ್ತು ಆ ಯಂತ್ರ ಎರಡೂ ನಾಸಿಕ್ ರೋಡಿಗೆ ಬರಬೇಕು. ನಾನು ಮತ್ತೆ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಕೂರಿಸುವಾಗ ಮಹಿಬೂಬ ಮತ್ತು ನಮ್ಮವ್ವ ಎದುರಿಗಿರುತ್ತಾರೆ. ನಿಮ್ಮ ಅಧಿಕಾರಿಯೊಬ್ಬರು ಗಾಡಿಯಲ್ಲಿ ಕೂತು ಗುಡ್ಡ ಹತ್ತಿ, ಮಕ್ಕಳನ್ನು ಶಾಲೆಗೆ ಇಳಿಸಿ, ಆಮೇಲೆ ಸಹಿ ಕೇಳಬೇಕು. ನನ್ನ ತಾಯಿಗೆ ಬರವಣಿಗೆಯಲ್ಲಿ ಕ್ಷಮೆ ಕೇಳಬೇಕು. ಅವಳಿಗೆ ಓದಲು ಬಾರದು. ಚನಬಸವ್ವ ಓದಿ ಹೇಳುತ್ತಾಳೆ.

ಬೇಗ ಬಂದರೆ ಒಳ್ಳೆಯದು. ಮೊನ್ನೆ ಕೂಲಿಗಳ ಮೇಲ್ವಿಚಾರಕ ಮುಕಾದಮ ಚನಬಸವ್ವನಿಗೆಂದು ಜಲ್ಲಿ ಖಡಿ ಹೊರುವ ಕಬ್ಬಿಣದ ಬುಟ್ಟಿ ತರಿಸಿದ್ದಾನೆ. ಅವಳ ತಲೆಗೆ ಸರಿಹೊಂದುವ ಸಣ್ಣ ಅಳತೆಯದು. ಈ ಮಳೆಗಾಲದಲ್ಲಿ ಆ ಗುಡ್ಡಕ್ಕೆ ಸಮಯಕ್ಕೆ ಸರಿಯಾಗಿ ಬಂದ ಹೊಸ ವಸ್ತು ಅದೊಂದೇ.

ಇಂತಿ,
ನಿಮ್ಮ ಕಡತದಲ್ಲಿ ‘ತೃಪ್ತ ಗ್ರಾಹಕ’ ಎಂದು ದಾಖಲಾಗಿರುವ
ಗುರುಬಸವ
ಖಾನಾವಳಿ, ನಾಸಿಕ್ ರೋಡ್